ಡ್ರ್ಯಾಗನ್ ಬೆನ್ನೇರಿದ ಗ್ರಂಥಾಲಯದ ಹುಡುಗಿ

ಒಂದೂವರೆ ಅಡಿ ಅಗಲದ ಕಲ್ಲಿನ ಹಾದಿ. ಹಿಡಿದುಕೊಳ್ಳಲು ಇಕ್ಕೆಲದಲ್ಲೂ ಕಂಬಿಯಿಲ್ಲ. ಕೆಳಗೆ, ನೋಡಿದರೆ ತಲೆ ಸುತ್ತುವಂಥ ಕಮರಿ. ಸಾಲದ್ದಕ್ಕೆ ಗಾಳಿ, ಮಳೆ. ಇದನ್ನು ದಾಟಿ ಆಚೆಯ ಕೋಟೆ ಸೇರಿದವರಿಗೆ ಕಾಲೇಜಿನಲ್ಲಿ ಪ್ರವೇಶ. ಜಾರಿದವರ ಹೆಸರು ಸತ್ತವರ ಪಟ್ಟಿಗೆ. ಇಪ್ಪತ್ತು ವರ್ಷದ ವಯೊಲೆಟ್ ಸೊರೆನ್‌ಗೇಲ್ ಈ ಹಾದಿಯ ಮೇಲೆ ನಿಂತಿದ್ದಾಳೆ. ಆಕೆಯದು ಕುಳ್ಳು ದೇಹ, ಸಡಿಲ ಕೀಲು, ಸುಲಭವಾಗಿ ಮುರಿಯುವ ಮೂಳೆ. ಭಯದಿಂದ ಕೈಕಾಲು ಮರಗಟ್ಟುತ್ತಿರುವಾಗ ಅವಳು ಮಾಡುವುದೇನು ಗೊತ್ತೆ? ಪರೀಕ್ಷೆಗೆಂದು ಉರು ಹೊಡೆದಿದ್ದ ತನ್ನ ನಾಡಿನ ಇತಿಹಾಸ, ಭೂಗೋಳವನ್ನು ಒಂದೊಂದೇ ವಾಕ್ಯವಾಗಿ ಒಪ್ಪಿಸುತ್ತಾ, ಒಂದೊಂದೇ ಹೆಜ್ಜೆ ಇಡುತ್ತಾಳೆ.

ಬಾಯಿಪಾಠ ಹೀಗೆ ಪ್ರಾಣ ಉಳಿಸಿದ್ದನ್ನು ಬೇರಾವ ಕಾದಂಬರಿಯಲ್ಲೂ ನಾನು ಓದಿದ ನೆನಪಿಲ್ಲ!

ಅಮೆರಿಕದ ಲೇಖಕಿ ರೆಬೆಕಾ ಯಾರೋಸ್ ಬರೆದ ‘ಫೋರ್ತ್ ವಿಂಗ್’ ಎಂಬ ಈ ಕಾದಂಬರಿ ಹೊರಬಂದದ್ದು 2023ರ ಮೇ ತಿಂಗಳಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಎರಡನೆಯ ಭಾಗ ‘ಐರನ್ ಫ್ಲೇಮ್’, 2025ರ ಜನವರಿಯಲ್ಲಿ ಮೂರನೆಯದು ‘ಆನಿಕ್ಸ್ ಸ್ಟಾರ್ಮ್’ ಬಂದವು. ಒಟ್ಟು ಐದು ಭಾಗಗಳ ಯೋಜನೆಯಂತೆ. ಮೂರನೆಯ ಭಾಗ ಬಿಡುಗಡೆಯಾದ ಮೊದಲ ವಾರದಲ್ಲೇ 27 ಲಕ್ಷ ಪ್ರತಿಗಳು ಮಾರಾಟವಾದವು. ವಯಸ್ಕರಿಗಾಗಿ ಬರೆದ ಕಾದಂಬರಿಯೊಂದು ಇಷ್ಟು ವೇಗವಾಗಿ ಮಾರಾಟವಾದದ್ದು ಇಪ್ಪತ್ತು ವರ್ಷಗಳಲ್ಲಿ ಇದೇ ಮೊದಲೆಂದು ಅಮೆರಿಕದ ಪತ್ರಿಕೆಗಳು ಬರೆದವು. ‘ವಯಸ್ಕರಿಗಾಗಿ’ ಎಂಬ ಮಾತನ್ನು ತಂದೆತಾಯಂದಿರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಪ್ರಣಯ ಮತ್ತು ಅದ್ಭುತ ಕಥೆಗಳನ್ನು ಬೆರೆಸಿದ ಈ ಬಗೆಯ ಬರವಣಿಗೆಗೆ ‘ರೊಮ್ಯಾಂಟಸಿ’ ಎಂದು ಹೆಸರು. ಆಕ್ಸ್‌ಫರ್ಡ್ ನಿಘಂಟಿನವರು 2024ರ ‘ವರ್ಷದ ಪದ’ಕ್ಕೆ ಆರಿಸಿದ ಕೆಲವೇ ಪದಗಳಲ್ಲಿ ಇದೂ ಒಂದಾಗಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಈ ಪುಸ್ತಕಗಳನ್ನು ಬಾಯಿಂದ ಬಾಯಿಗೆ ಹಬ್ಬಿಸಿದ್ದು ಟಿಕ್‌ಟಾಕ್. ಅದು ನಮ್ಮಲ್ಲಿ 2020ರಲ್ಲೇ ನಿಷೇಧವಾಯಿತಾದರೂ ಇನ್‌ಸ್ಟಾಗ್ರಾಂ ಆ ಕೆಲಸವನ್ನು ವಹಿಸಿಕೊಂಡಿತು. ಹಾಗಾಗಿ ಬೆಂಗಳೂರಿನ ಕಾಲೇಜು ಹುಡುಗಿಯ ಚೀಲದಲ್ಲಿ ರಸಾಯನಶಾಸ್ತ್ರದ ಗೈಡಿನ ಪಕ್ಕ, ಕಪ್ಪು ಅಂಚಿನ, ಇಟ್ಟಿಗೆಯಷ್ಟು ದಪ್ಪನೆಯ ಪುಸ್ತಕವೊಂದು ಕಂಡರೆ ಆಶ್ಚರ್ಯವಿಲ್ಲ. ನಾನು ಇದನ್ನು ಓದಿದ್ದೂ ಮಗಳ ಮೇಜಿನ ಮೇಲಿಂದ ಎತ್ತಿಕೊಂಡೇ. ‘ಓದೋ ಹೊತ್ತಲ್ಲಿ ಇದೇನಿದು?’ ಎಂದು ಗದರಲು ಹೋದವನು ರಾತ್ರಿ ಎರಡು ಗಂಟೆಯವರೆಗೆ ಎದ್ದಿದ್ದೆ.

ಅಮ್ಮ ಹಾಕಿದ ಗೆರೆ

ಕಥೆ ನಡೆಯುವುದು ನವಾರ್ ಎಂಬ ಕಲ್ಪಿತ ರಾಜ್ಯದಲ್ಲಿ. ಪಕ್ಕದ ಪೊರೊಮಿಯೆಲ್ ರಾಜ್ಯದೊಡನೆ ಅದಕ್ಕೆ ನೂರಾರು ವರ್ಷಗಳಿಂದ ಕಾದಾಟ. ನವಾರಿನವರ ಬಲ ಡ್ರ್ಯಾಗನ್. ಪೊರೊಮಿಯೆಲಿನವರದು ಗ್ರಿಫಿನ್, ಅಂದರೆ ಹದ್ದಿನ ತಲೆ, ಸಿಂಹದ ಮೈಯ ಪ್ರಾಣಿ. ನವಾರಿನ ಗಡಿಯನ್ನು ಅಗೋಚರವಾದ ಮಂತ್ರದ ಬೇಲಿ ಕಾಯುತ್ತದೆ. ಈ ರಾಜ್ಯದ ಯುದ್ಧ ವಿದ್ಯಾಲಯದ ಹೆಸರು ಬಾಸ್ಗಿಯಾತ್. ಅಲ್ಲಿ ನಾಲ್ಕು ವಿಭಾಗಗಳು: ಡ್ರ್ಯಾಗನ್ ಸವಾರರದು, ಲಿಪಿಕಾರರದು, ವೈದ್ಯರದು, ಕಾಲಾಳುಗಳದು. ಸವಾರರ ವಿಭಾಗಕ್ಕೆ ಯಾರನ್ನೂ ಬಲವಂತವಾಗಿ ಸೇರಿಸುವುದಿಲ್ಲ, ಸ್ವಇಚ್ಛೆಯಿಂದ ಬರಬೇಕು ಎಂಬುದು ನಿಯಮ. ವಯೊಲೆಟ್‌ಳ ಮಟ್ಟಿಗೆ ಅದು ಕಾಗದದ ಮೇಲಿನ ನಿಯಮ. ಏಕೆಂದರೆ ಆ ವಿದ್ಯಾಲಯದ ಮುಖ್ಯಸ್ಥೆ, ಸೇನಾಧಿಪತಿ ಜನರಲ್ ಲಿಲಿತ್ ಸೊರೆನ್‌ಗೇಲ್ ಆಕೆಯ ಸ್ವಂತ ತಾಯಿ.

ವಯೊಲೆಟ್‌ಳ ತಂದೆ ಲಿಪಿಕಾರ. ಮಗಳನ್ನು ಚಿಕ್ಕಂದಿನಿಂದ ಗ್ರಂಥಾಲಯದಲ್ಲೇ ಬೆಳೆಸಿ, ತನ್ನ ವಿಭಾಗದ ಪ್ರವೇಶಕ್ಕೆಂದೇ ತಯಾರು ಮಾಡಿದ್ದ. ಆತ ತೀರಿಕೊಂಡ ಮೇಲೆ ತಾಯಿಯ ಆಜ್ಞೆ ಬರುತ್ತದೆ: ಸೊರೆನ್‌ಗೇಲ್ ಮನೆತನದ ಮಕ್ಕಳು ಸವಾರರಾಗಬೇಕು, ಅಷ್ಟೆ. ಅಣ್ಣ ಬ್ರೆನನ್ ಸವಾರನಾಗಿದ್ದು ಯುದ್ಧದಲ್ಲಿ ಸತ್ತನೆಂಬ ಸುದ್ದಿ ಬಂದಿದೆ. ಅಕ್ಕ ಮಿರಾ ಸವಾರಳಾಗಿ ಹೆಸರು ಮಾಡಿದ್ದಾಳೆ. ಈಗ ಮೂರನೆಯವಳ ಸರದಿ. ಅವಳ ಮೂಳೆ ಮುರಿಯುವುದೆಂದು ತಾಯಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ಕಳಿಸುತ್ತಾಳೆ.

ಸಿಇಟಿ, ನೀಟ್ ಕಾಲದ ನಮ್ಮ ಮನೆಗಳಿಗೆ ಈ ಸನ್ನಿವೇಶವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಿಯುಸಿಯಲ್ಲಿ ಕಲಾ ವಿಭಾಗ ಬೇಕೆಂದ ಹುಡುಗಿಗೆ ವಿಜ್ಞಾನ ಕೊಡಿಸಿ, ಕೋಚಿಂಗಿಗೆ ಹಣ ಕಟ್ಟಿದ ತಂದೆತಾಯಂದಿರು ಲಿಲಿತ್‌ಳನ್ನು ಓದುವಾಗ ಒಂದು ಕ್ಷಣವಾದರೂ ಪುಸ್ತಕ ಮಡಿಚಿಡುತ್ತಾರೆ ಎಂದುಕೊಂಡಿದ್ದೇನೆ. ಹುಡುಗರು ಈ ಕಥೆಗೆ ಮರುಳಾಗಿರುವುದಕ್ಕೆ ಡ್ರ್ಯಾಗನ್ನೊಂದೇ ಕಾರಣವಲ್ಲ. ಮೊದಲ ಅಧ್ಯಾಯದ ಈ ತಾಯಿಯೂ ಕಾರಣ ಎಂಬುದು ನನ್ನ ಗುಮಾನಿ.

ಆದರೆ ಕಾದಂಬರಿ ಒಂದು ಮಾತನ್ನು ನೇರವಾಗಿ ಹೇಳದೆ ಬಿಟ್ಟಿದೆ. ಎರಡನೆಯ ಸಲ ಓದುವಾಗ ಅದು ನನ್ನ ಕಣ್ಣಿಗೆ ಬಿತ್ತು. ತಾಯಿ ಕಠೋರಳು, ತಂದೆ ಒಳ್ಳೆಯವನು ಎಂದು ವಯೊಲೆಟ್ ತಿಳಿದಿದ್ದಾಳೆ. ತಂದೆ ಮಾಡಿದ್ದಾದರೂ ಏನು? ಆತನೂ ಮಗಳು ಏನಾಗಬೇಕೆಂದು ತೀರ್ಮಾನಿಸಿ, ಬಾಲ್ಯದಿಂದಲೇ ಆ ಅಚ್ಚಿಗೆ ಎರೆದ. ಗದರದೆ, ಪ್ರೀತಿಯಿಂದ ಮಾಡಿದ ಎಂಬುದೊಂದೇ ವ್ಯತ್ಯಾಸ. ನಿನಗೇನು ಬೇಕು ಎಂದು ಆ ಮನೆಯಲ್ಲಿ ಯಾರೂ ಕೇಳಿದಂತಿಲ್ಲ.

ಇನ್ನು ಅಕ್ಕ ಮಿರಾ. ನನಗೆ ಈ ಪುಸ್ತಕದಲ್ಲಿ ಅತ್ಯಂತ ಇಷ್ಟವಾದ ಪುಟಗಳು ಇವಳವು. ತಾಯಿಯೊಡನೆ ಜಗಳವಾಡಿ ಪ್ರಯೋಜನವಿಲ್ಲವೆಂದು ಕಂಡೊಡನೆ ಅವಳು ಅಳುತ್ತಾ ಕೂರುವುದಿಲ್ಲ. ತಂಗಿಯ ಗಂಟುಮೂಟೆ ಬಿಚ್ಚಿ ಭಾರದ ಪುಸ್ತಕಗಳನ್ನು ತೆಗೆದು ಬಿಸಾಡುತ್ತಾಳೆ. ಜಾರುವ ಬೂಟು ಬದಲಿಸುತ್ತಾಳೆ. ತನ್ನ ಡ್ರ್ಯಾಗನ್ನಿನ ಉದುರಿದ ಹುರುಪೆಗಳನ್ನು ಹೊಲಿದು ಮಾಡಿದ ಒಳಕವಚ ತೊಡಿಸುತ್ತಾಳೆ. ಅಣ್ಣ ಬರೆದಿಟ್ಟ ಟಿಪ್ಪಣಿ ಪುಸ್ತಕವನ್ನು ಕೈಗಿಡುತ್ತಾಳೆ; ಮೊದಲ ವರ್ಷ ಬದುಕಿ ಉಳಿಯುವುದು ಹೇಗೆಂಬುದರ ಕೈಪಿಡಿ ಅದು. ಸೀನಿಯರ್ ನೋಟ್ಸ್ ಎಂದರೆ ಇದೇ ಅಲ್ಲವೆ?

ಆ ಬೂಟಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಸೇತುವೆ ಹತ್ತುವ ಸಾಲಿನಲ್ಲಿ ಪರಿಚಯವಾದ ರಿಯಾನನ್ ಎಂಬ ಹುಡುಗಿಯ ಬೂಟುಗಳು ಜಾರುವಂಥವೆಂದು ಕಂಡ ವಯೊಲೆಟ್ ತನ್ನದೊಂದು ಬೂಟನ್ನು ಅವಳಿಗೆ ಕೊಟ್ಟು, ಅವಳದೊಂದನ್ನು ತಾನು ಹಾಕಿಕೊಳ್ಳುತ್ತಾಳೆ. ಒಂದು ಕಾಲಿಗಾದರೂ ಹಿಡಿತ ಸಿಗಲಿ ಎಂದು. ಸಹಪಾಠಿಯನ್ನು ಪ್ರತಿಸ್ಪರ್ಧಿ ಎಂದೇ ಕಲಿಸುವ ವಿದ್ಯಾಲಯದ ಹೊಸ್ತಿಲಲ್ಲೇ ಹೀಗೊಂದು ಗೆಳೆತನ ಹುಟ್ಟುತ್ತದೆ. ಅದೇ ಸಾಲಿನಲ್ಲಿ ಜ್ಯಾಕ್ ಬಾರ್ಲೋ ಎಂಬವನೂ ಇದ್ದಾನೆ. ಅವನು ಮತ್ತೊಬ್ಬನನ್ನು ಸೇತುವೆಯಿಂದ ಕೆಳಕ್ಕೆ ಎಸೆದು ನಗುವವನು. ಕ್ರೂರಿಗೂ ಆ ವಿದ್ಯಾಲಯದಲ್ಲಿ ಶಿಕ್ಷೆಯಿಲ್ಲ.

ಬಲವಿಲ್ಲದವಳ ಉಪಾಯ

ಪ್ರತಿದಿನ ಬೆಳಿಗ್ಗೆ ಅಂಗಳದಲ್ಲಿ ಹಾಜರಿ. ಹಾಜರಿಗೆ ಮುಂಚೆ ಒಬ್ಬ ಲಿಪಿಕಾರ ನಿಂತು ಸತ್ತ ವಿದ್ಯಾರ್ಥಿಗಳ ಹೆಸರು ಓದುತ್ತಾನೆ. ಅಷ್ಟೇ ಸಂಸ್ಕಾರ. ಬಳಿಕ ತರಗತಿ ಶುರು. ಈ ನಿರ್ಭಾವದ ಪಟ್ಟಿ ಕಾದಂಬರಿಯುದ್ದಕ್ಕೂ ಗಡಿಯಾರದಂತೆ ಹೊಡೆಯುತ್ತದೆ.

ಇಂಥ ಕಡೆ ವಯೊಲೆಟ್ ಬದುಕುವುದು ಹೇಗೆ? ಅಖಾಡದಲ್ಲಿ ಯಾರ ಎದುರಾಳಿ ಯಾರೆಂಬುದನ್ನು ಮೊದಲೇ ಪತ್ತೆ ಮಾಡಿ, ತಾನು ಓದಿದ ಗಿಡಮೂಲಿಕೆಗಳ ಜ್ಞಾನ ಬಳಸಿ, ಕಾಳಗದ ದಿನ ಅವರು ಸುಸ್ತಾಗುವಷ್ಟು ಮಾತ್ರ ವಿಷ ಬೆರೆಸುತ್ತಾಳೆ. ಇದು ಅಧರ್ಮವಲ್ಲವೆ ಎಂದು ನೀವು ಕೇಳಬಹುದು. ಹೌದು, ಅಧರ್ಮವೇ. ಇಲ್ಲಿ ಲೇಖಕಿ ನಾಯಕಿಯನ್ನು ತೊಳೆದ ಮುತ್ತಾಗಿಸಲು ಹೋಗಿಲ್ಲ.

ಇದಕ್ಕಿಂತ ಸೊಗಸಾದದ್ದು ಗಾಂಟ್ಲೆಟ್ ಪ್ರಸಂಗ. ಅದು ಬೆಟ್ಟದ ಮೈಗೆ ಕಟ್ಟಿದ, ತಿರುಗುವ ದಿಮ್ಮಿ, ತೂಗುವ ಕಂಬಗಳ ಕಡಿದಾದ ಏರುದಾರಿ. ಎತ್ತರದವರಿಗೆಂದೇ ಮಾಡಿದಂತಿರುವ ಕೊನೆಯ ಏರನ್ನು ತನ್ನ ಮೋಟು ಕೈಕಾಲುಗಳಿಂದ ಹತ್ತಲಾಗದೆಂದು ತಿಳಿದ ವಯೊಲೆಟ್ ಕಠಾರಿಯನ್ನು ಮರಕ್ಕೆ ಚುಚ್ಚಿ, ಅದನ್ನೇ ಆಧಾರ ಮಾಡಿಕೊಂಡು ಮೇಲೆ ಬರುತ್ತಾಳೆ. ಮೋಸ ಎಂದು ಕೂಗೇಳುತ್ತದೆ. ಆಗ ಅವಳು ನಿಯಮ ಸಂಹಿತೆಯನ್ನೇ ಎದುರಿಗಿಡುತ್ತಾಳೆ: ಅಭ್ಯರ್ಥಿ ಸೇತುವೆ ದಾಟುವಾಗ ಹೊತ್ತು ತಂದ ವಸ್ತು ಅವರ ಶರೀರದ ಭಾಗವೆಂದೇ ಲೆಕ್ಕ. ಕಠಾರಿ ಅವಳೊಂದಿಗೆ ಸೇತುವೆ ದಾಟಿ ಬಂದಿದೆ. ಎಲ್ಲರ ಬಾಯಿ ಬಂದ್! ನಿಯಮ ಪುಸ್ತಕವನ್ನು ಯಾರೂ ಓದದ ಕಡೆ ಓದಿದವಳು ಎಷ್ಟು ಅಪಾಯಕಾರಿ ನೋಡಿ.

ವಯೊಲೆಟ್‌ಳ ದೇಹಸ್ಥಿತಿಗೆ ಕಾದಂಬರಿಯಲ್ಲಿ ರೋಗದ ಹೆಸರಿಲ್ಲ. ಲೇಖಕಿಗೆ ಮಾತ್ರ ಅದು ಪರಿಚಿತ. ಯಾರೋಸ್ ಅವರಿಗೂ ಅವರ ಗಂಡುಮಕ್ಕಳಿಗೂ ಇರುವ ಏಲರ್ಸ್-ಡ್ಯಾನ್ಲಾಸ್ ಸಿಂಡ್ರೋಮ್ ಎಂಬ ಸಂಯೋಜಕ ಅಂಗಾಂಶದ ತೊಂದರೆಯನ್ನೇ ನಾಯಕಿಗೆ ಕೊಟ್ಟಿರುವುದಾಗಿ ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ನಮ್ಮ ಚರ್ಮ, ಕೀಲು, ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನಿನಲ್ಲಿ ಹೆಚ್ಚುಕಡಿಮೆಯಾಗಿ, ಕೀಲುಗಳು ಅತಿಯಾಗಿ ಬಾಗುವುದು, ಪದೇಪದೇ ಸ್ಥಾನ ತಪ್ಪುವುದು, ಸದಾ ನೋವಿರುವುದು ಇದರ ಲಕ್ಷಣ. ಹೊರನೋಟಕ್ಕೆ ಏನೂ ಕಾಣದ್ದರಿಂದ ‘ನಾಟಕ’ ಎನ್ನಿಸಿಕೊಳ್ಳುವುದೂ ಉಂಟು. ವಯೊಲೆಟ್ ಮಂಡಿಗೆ, ಭುಜಕ್ಕೆ ಪಟ್ಟಿ ಸುತ್ತಿಕೊಳ್ಳುವುದು ಪುಸ್ತಕದಲ್ಲಿ ಹಲ್ಲುಜ್ಜುವಷ್ಟು ಸಹಜವಾಗಿ ಬರುತ್ತದೆ. ಡ್ರ್ಯಾಗನ್ ಬೆನ್ನ ಮೇಲೆ ಕೂತಿರಲು ಅವಳಿಗೆ ತೊಡೆಯ ಬಲ ಸಾಲದು. ಕೊನೆಗೆ ಅವಳಿಗಾಗಿ ಜೀನು ಮಾಡಿಸಲಾಗುತ್ತದೆ. ಬೇರೆ ಸವಾರರಿಗೆ ಜೀನಿಲ್ಲ. ಇವಳಿಗೇಕೆ ಎಂದು ಮೂಗು ಮುರಿಯುವವರು ಅಲ್ಲೂ ಇದ್ದಾರೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಪಡೆಯುವ ವಿದ್ಯಾರ್ಥಿಯನ್ನು ಓರೆಗಣ್ಣಿನಿಂದ ನೋಡುವ ತರಗತಿಗಳಿಗೆ ಈ ಜೀನಿನ ಪ್ರಸಂಗವನ್ನು ಒಮ್ಮೆ ಓದಿ ಹೇಳಬೇಕು.

ಇಬ್ಬರು ಹುಡುಗರು

ಪ್ರಣಯ ಕಥೆ ಎಂದ ಮೇಲೆ ಇಬ್ಬರು ಹುಡುಗರು ಇರಲೇಬೇಕು. ಡೇನ್ ಏಟೋಸ್ ಬಾಲ್ಯದ ಗೆಳೆಯ. ಶಿಸ್ತಿನವ, ನಿಯಮ ಮೀರದವ. ವಯೊಲೆಟ್ ಸಾಯುತ್ತಾಳೆಂಬ ಭಯದಿಂದ ಅವಳನ್ನು ಗುಟ್ಟಾಗಿ ಲಿಪಿಕಾರರ ವಿಭಾಗಕ್ಕೆ ಸಾಗಿಸುವ ದಾರಿ ಹುಡುಕುತ್ತಾನೆ. ಝೇಡನ್ ರಿಯೊರ್ಸನ್ ಇನ್ನೊಬ್ಬ. ಅವನ ತಂದೆ ಟಿರಿಂಡರ್ ಪ್ರಾಂತ್ಯದ ದಂಗೆಯ ನಾಯಕ. ದಂಗೆ ಅಡಗಿಸಿ ತಂದೆಯನ್ನು ಕೊಲ್ಲಿಸಿದವರಲ್ಲಿ ವಯೊಲೆಟ್‌ಳ ತಾಯಿ ಪ್ರಮುಖಳು. ದಂಗೆಕೋರರ ಮಕ್ಕಳೆಲ್ಲರ ಮೈಮೇಲೆ ಮಂತ್ರದ ಗುರುತು ಒತ್ತಿ, ಅವರನ್ನು ಬಲವಂತವಾಗಿ ಸವಾರರ ವಿಭಾಗಕ್ಕೆ ದೂಡಲಾಗಿದೆ. ಈ 107 ಮಕ್ಕಳ ನಡತೆಗೆ ತಾನು ಹೊಣೆಯೆಂದು ಒಪ್ಪಿಕೊಂಡ ಝೇಡನ್‌ನ ಬೆನ್ನ ಮೇಲೆ 107 ಗಾಯದ ಗೆರೆಗಳಿವೆ. ಆತ ವಿದ್ಯಾರ್ಥಿಗಳ ನಾಲ್ಕನೆಯ ದಳದ ನಾಯಕ. ‘ಫೋರ್ತ್ ವಿಂಗ್’ ಎಂಬ ಹೆಸರು ಬಂದದ್ದು ಅಲ್ಲಿಂದ.

ಶತ್ರುಗಳ ಮಕ್ಕಳು ಪ್ರೇಮಿಗಳಾಗುವುದು ರೋಮಿಯೋ ಜೂಲಿಯೆಟ್ ಕಾಲದ ಸರಕು. ಹೊಸದಿರುವುದು ಬೇರೆ ಕಡೆ. ಡೇನ್ ‘ನಿನ್ನ ಕೈಲಾಗದು’ ಎನ್ನುತ್ತಲೇ ಇರುತ್ತಾನೆ, ಅದೂ ಅಕ್ಕರೆಯಿಂದ. ಝೇಡನ್ ಕೈಗೊಪ್ಪುವ ಹಗುರ ಕಠಾರಿಗಳನ್ನು ಕೊಟ್ಟು ‘ಅಭ್ಯಾಸ ಮಾಡು’ ಎನ್ನುತ್ತಾನೆ. ಒಬ್ಬ ಬಚ್ಚಿಡಲು ನೋಡುತ್ತಾನೆ, ಇನ್ನೊಬ್ಬ ತಯಾರು ಮಾಡುತ್ತಾನೆ. ಡೇನ್‌ಗೆ ದೊರೆತ ಮಾಂತ್ರಿಕ ಶಕ್ತಿಯೂ ಅವನ ಸ್ವಭಾವಕ್ಕೆ ತಕ್ಕದ್ದೇ: ಇನ್ನೊಬ್ಬರ ಮುಖ ಮುಟ್ಟಿದರೆ ಅವರ ಇತ್ತೀಚಿನ ನೆನಪುಗಳು ಅವನಿಗೆ ಕಾಣುತ್ತವೆ. ಕೇಳದೆ ಮುಟ್ಟಿದರೆ ಏನಾಗುತ್ತದೆಂಬುದು ಕಥೆಯ ತಿರುವುಗಳಲ್ಲೊಂದು. ಮಕ್ಕಳ ಮೊಬೈಲನ್ನು ಅವರು ಮಲಗಿದ ಮೇಲೆ ತೆರೆದು ನೋಡುವ ಹಿರಿಯರು ಡೇನ್‌ನ ಪಾತ್ರವನ್ನು ಗಮನವಿಟ್ಟು ಓದುವುದು ಒಳ್ಳೆಯದು.

ಪಾರಾಗುವ ದಾರಿಯನ್ನು ಡೇನ್ ತೋರಿಸಿದಾಗ ವಯೊಲೆಟ್ ಬೇಡವೆನ್ನುತ್ತಾಳೆ. ತಾಯಿ ಸವಾರಳಾಗು ಎಂದಳು, ತಂದೆ ಲಿಪಿಕಾರಳಾಗು ಎಂದಿದ್ದ, ಗೆಳೆಯ ಓಡು ಎನ್ನುತ್ತಿದ್ದಾನೆ. ಅವಳು ಸ್ವತಃ ತೆಗೆದುಕೊಂಡ ಮೊದಲ ದೊಡ್ಡ ತೀರ್ಮಾನವೆಂದರೆ ಅಲ್ಲೇ ಉಳಿಯುವುದು. ತಾಯಿ ನೂಕಿದ ಜಾಗವೇ ಇರಬಹುದು. ಉಳಿದದ್ದು ಮಾತ್ರ ಅವಳ ಇಷ್ಟ. ಇಷ್ಟು ಸೂಕ್ಷ್ಮವನ್ನು ಇಂಥ ಜನಪ್ರಿಯ ಕಾದಂಬರಿಯಿಂದ ನಾನು ನಿರೀಕ್ಷಿಸಿರಲಿಲ್ಲ.

ಘಟಸರ್ಪವೆ, ಹಾರುವ ಓತಿಯೆ?

ಡ್ರ್ಯಾಗನ್ನಿಗೆ ಕನ್ನಡದಲ್ಲಿ ಘಟಸರ್ಪ ಎನ್ನುವುದುಂಟು. ಆದರೆ ಯಾರೋಸ್ ಅವರ ಡ್ರ್ಯಾಗನ್ನುಗಳಿಗೆ ಆ ಹೆಸರು ಅಷ್ಟಾಗಿ ಒಗ್ಗುವುದಿಲ್ಲ. ಇವು ನಾಲ್ಕು ಕಾಲಿನ, ಎರಡು ರೆಕ್ಕೆಯ, ಬೆಂಕಿ ಉಗುಳುವ, ಮಹಾ ಜಂಭದ ಜೀವಿಗಳು. ಕಪ್ಪು, ನೀಲಿ, ಕೆಂಪು, ಹಸಿರು, ಕಿತ್ತಳೆ, ಕಂದು ಎಂದು ಬಣ್ಣಗಳ ಜಾತಿ. ಬಾಲದ ಆಕಾರದಿಂದ ಮತ್ತೊಂದು ವಿಂಗಡಣೆ. ಮನುಷ್ಯ ಡ್ರ್ಯಾಗನ್ನನ್ನು ಆರಿಸುವಂತಿಲ್ಲ. ಡ್ರ್ಯಾಗನ್ನೇ ಮನುಷ್ಯನನ್ನು ಆರಿಸುತ್ತದೆ. ಒಮ್ಮೆ ಆರಿಸಿದರೆ ಇಬ್ಬರ ಮನಸ್ಸುಗಳೂ ಕೂಡಿಕೊಂಡು, ಬಾಯಿ ಬಿಡದೆ ಮಾತುಕತೆ ನಡೆಯುತ್ತದೆ. ಡ್ರ್ಯಾಗನ್ ಹಾಯಿಸಿದ ಶಕ್ತಿಯಿಂದ ಸವಾರನಲ್ಲಿ ಒಂದು ಸಿದ್ಧಿ ಮೊಳೆಯುತ್ತದೆ. ಝೇಡನ್‌ಗೆ ನೆರಳುಗಳು ಅಧೀನ, ವಯೊಲೆಟ್‌ಗೆ ಸಿಡಿಲು.

ಆಯ್ಕೆಯ ದಿನ, ಎಲ್ಲರೂ ಬಲಿಷ್ಠ ಡ್ರ್ಯಾಗನ್ನಿಗಾಗಿ ಕಾಡಿನಲ್ಲಿ ಹುಡುಕುತ್ತಿದ್ದಾಗ, ಜ್ಯಾಕ್ ಬಾರ್ಲೋ ಮತ್ತು ಅವನ ಸಂಗಡಿಗರು ಒಂದು ಪುಟ್ಟ ಹೊಂಬಣ್ಣದ ಡ್ರ್ಯಾಗನ್ನನ್ನು ಕೊಲ್ಲಲು ಹೊರಡುತ್ತಾರೆ. ದುರ್ಬಲವಾದದ್ದು ಇರಬಾರದು ಎಂಬ ಒಂದೇ ಕಾರಣಕ್ಕೆ. ವಯೊಲೆಟ್ ಅಡ್ಡ ನಿಲ್ಲುತ್ತಾಳೆ. ಅವಳ ಪಾಡು ಮುಗಿಯಿತು ಎನ್ನುವಾಗ ಟೈರ್ನ್ ಎಂಬ ಭಾರೀ ಕಪ್ಪು ಡ್ರ್ಯಾಗನ್ ಬಂದಿಳಿಯುತ್ತದೆ. ಅದೂ ಅವಳನ್ನು ಆರಿಸುತ್ತದೆ, ಹೊಂಬಣ್ಣದ ಮರಿ ಆಂಡಾರ್ನಾಳೂ ಆರಿಸುತ್ತಾಳೆ. ಒಬ್ಬರಿಗೆ ಎರಡು ಡ್ರ್ಯಾಗನ್! ಹಿಂದೆಂದೂ ನಡೆಯದ್ದು. ಟೈರ್ನ್‌ನ ಜೋಡಿ ಸ್ಗೇಲ್ ಎಂಬ ನೀಲಿ ಡ್ರ್ಯಾಗನ್, ಅದರ ಸವಾರ ಝೇಡನ್. ಈ ಗಂಡ ಹೆಂಡಿರನ್ನು ಬಹಳ ದಿನ ಅಗಲಿಸುವಂತಿಲ್ಲ. ಹೀಗಾಗಿ ಸವಾರರೂ ಒಬ್ಬರನ್ನೊಬ್ಬರು ಬಿಟ್ಟಿರುವಂತಿಲ್ಲ. ಪ್ರಣಯಕ್ಕೆ ಇಷ್ಟು ಅನುಕೂಲವಾದ ಸಾರಿಗೆ ವ್ಯವಸ್ಥೆಯನ್ನು ಬೇರಾವ ಲೇಖಕರೂ ಕಲ್ಪಿಸಿಕೊಂಡಿರಲಾರರು.

ಮನಸ್ಸು ಬೆಸೆಯುವ ಡ್ರ್ಯಾಗನ್ ಯಾರೋಸ್ ಅವರ ಸ್ವಂತ ಸೃಷ್ಟಿಯೇನಲ್ಲ. ಆನ್ ಮೆಕಾಫ್ರಿ 1967ರಲ್ಲಿ ಬರೆಯಲಾರಂಭಿಸಿದ ‘ಪರ್ನ್’ ಗ್ರಹದ ಕಥೆಗಳಲ್ಲಿ ಮೊಟ್ಟೆಯಿಂದ ಹೊರಬಂದ ಮರಿ ತನ್ನ ಮನುಷ್ಯ ಸಂಗಾತಿಯನ್ನು ಗುರುತಿಸಿ ಜೀವಮಾನವಿಡೀ ಅಂಟಿಕೊಳ್ಳುತ್ತದೆ. ಆ ಕಥೆಗೆ 1968ರಲ್ಲಿ ಹ್ಯೂಗೊ ಪ್ರಶಸ್ತಿ ಬಂದಾಗ, ಕಥಾ ವಿಭಾಗದಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ ಆಕೆಯಾದರು. ಪರ್ನ್‌ನಲ್ಲಿ ಸವಾರ ಸತ್ತರೆ ಡ್ರ್ಯಾಗನ್ ಬದುಕಿರುವುದಿಲ್ಲ. ಯಾರೋಸ್ ಅದನ್ನು ತಿರುಗಿಸಿ ಹಾಕಿದ್ದಾರೆ: ಡ್ರ್ಯಾಗನ್ ಸತ್ತರೆ ಸವಾರ ಸಾಯುತ್ತಾನೆ, ಸವಾರ ಸತ್ತರೆ ಡ್ರ್ಯಾಗನ್ ಸಾಮಾನ್ಯವಾಗಿ ಉಳಿಯುತ್ತದೆ. ಯಜಮಾನರು ಯಾರೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೆ?

ಹೆಸರುಗಳು ಬಂದದ್ದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಿಂದ. ಟೈರ್ನ್‌ನ ಪೂರ್ಣ ಹೆಸರಿಗೆ ಗುಡುಗು ಎಂದರ್ಥ. ಮಿರಾಳ ಡ್ರ್ಯಾಗನ್ ಟೈನೆ ಎಂದರೆ ಬೆಂಕಿ. ಬಾಸ್ ಎಂದರೆ ಸಾವು, ಸ್ಗಿಯಾತ್ ಎಂದರೆ ರೆಕ್ಕೆ ಅಥವಾ ಗುರಾಣಿ. ಎರಡೂ ಕೂಡಿ ಬಾಸ್ಗಿಯಾತ್. 2011ರ ಜನಗಣತಿಯಂತೆ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಮಾತಾಡುವವರು ಸುಮಾರು 57 ಸಾವಿರ ಮಂದಿ ಮಾತ್ರ. ಲಕ್ಷಾಂತರ ಓದುಗರ ಬಾಯಲ್ಲಿ ತಮ್ಮ ನುಡಿಯ ಪದಗಳು ಅಪಭ್ರಂಶವಾಗುತ್ತಿವೆ, ಸ್ವತಃ ಲೇಖಕಿಯೇ ತಪ್ಪಾಗಿ ಉಚ್ಚರಿಸುತ್ತಾರೆ ಎಂದು ಗೇಲಿಕ್ ಭಾಷಿಕರು 2023ರಲ್ಲಿ ಬೇಸರಪಟ್ಟರು. ಊರ ಹೆಸರುಗಳು ಇಂಗ್ಲಿಷರ ಬಾಯಲ್ಲಿ ಏನಾದವೆಂದು ಕಂಡ ನಮಗೆ ಆ ಬೇಸರ ಅರ್ಥವಾಗುತ್ತದೆ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಮಾತು. ಪ್ರಾಣಿಯೊಂದರ ಉದ್ದ, ಅಗಲ, ಎತ್ತರ ಎಲ್ಲ ಇಮ್ಮಡಿಯಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು, ತೂಕ ಮಾತ್ರ ಎಂಟು ಪಟ್ಟು ಹೆಚ್ಚುತ್ತದೆ. ಹಾರಿದ ಜೀವಿಗಳಲ್ಲೆಲ್ಲ ದೊಡ್ಡದೆನ್ನುವ ಕ್ವೆಟ್ಜಲ್‌ಕೋಟ್ಲಸ್ ಎಂಬ ಹಾರುವ ಸರೀಸೃಪದ ರೆಕ್ಕೆಯ ಹರವು ಸುಮಾರು 10-11 ಮೀಟರ್. ಅದರ ಪಳೆಯುಳಿಕೆ ಸಿಕ್ಕಿದ್ದು ಅಮೆರಿಕದ ಟೆಕ್ಸಾಸಿನಲ್ಲಿ. ಟೈರ್ನ್ ಅದಕ್ಕಿಂತ ಬಹಳ ದೊಡ್ಡದು, ಹಾಗಾಗಿ ಹಾರಲಾರ. ಪುಣ್ಯಕ್ಕೆ ಆತ ಈ ಲೆಕ್ಕ ಓದಿಲ್ಲ. ನಿಜವಾದ ಡ್ರ್ಯಾಗನ್ನನ್ನು ನೋಡಲೇಬೇಕೆನ್ನುವವರು ಪಶ್ಚಿಮಘಟ್ಟಕ್ಕೆ ಹೋಗಬೇಕು. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಎಲ್ಲರನ್ನೂ ಕಾಡಿಗೆಳೆದ ಆ ಹಾರುವ ಓತಿಯ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರೇ ಡ್ರೇಕೊ, ಲ್ಯಾಟಿನ್ನಿನಲ್ಲಿ ಡ್ರ್ಯಾಗನ್ ಎಂದರ್ಥ.

ಸುಟ್ಟ ಪುಟಗಳು

ಕಥೆಯ ಗುಟ್ಟು ಒಡೆಯಬಾರದು ಎನ್ನುವವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು.

ಸವಾರರಿಗೆ ಪ್ರತಿದಿನ ಗಡಿಯ ಸುದ್ದಿ ತಿಳಿಸುವ ಒಂದು ತರಗತಿಯಿದೆ. ಎಲ್ಲಿ ದಾಳಿಯಾಯಿತು, ಏಕಾಯಿತು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅಲ್ಲಿ ಚರ್ಚೆ. ಪ್ರಶ್ನೆ ಕೇಳಿದವರಿಗೆ ಶಹಭಾಸ್‌ಗಿರಿ ಸಿಗುತ್ತದೆ. ಆದರೆ ಪ್ರಶ್ನೆ ಕೇಳುವುದಕ್ಕೆ ಬೇಕಾದ ಮಾಹಿತಿಯನ್ನು ಸೋಸಿ ಕೊಡುವವರು ಲಿಪಿಕಾರರು. ಪೊರೊಮಿಯೆಲಿನವರು ಮತ್ತೆಮತ್ತೆ ಗಡಿಗೆ ನುಗ್ಗುವುದೇಕೆ? ಅದನ್ನು ತರಗತಿಯಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ.

ವಯೊಲೆಟ್‌ಳ ತಂದೆ ಬಿಟ್ಟುಹೋದ ಒಂದು ಜನಪದ ಕಥೆಗಳ ಪುಸ್ತಕವಿದೆ. ಡ್ರ್ಯಾಗನ್ನಿನ ಹಂಗಿಲ್ಲದೆ ಭೂಮಿಯಿಂದಲೇ ನೇರವಾಗಿ ಶಕ್ತಿ ಹೀರಿ, ನೆಲವನ್ನು ಬರಡಾಗಿಸಿ, ತಮ್ಮ ಆತ್ಮವನ್ನೂ ಕಳೆದುಕೊಳ್ಳುವ ವೆನಿನ್ ಎಂಬ ದುಷ್ಟರ ಕಥೆಗಳು ಅದರಲ್ಲಿವೆ. ಮಕ್ಕಳನ್ನು ಹೆದರಿಸಲು ಹೇಳುವಂಥವು. ಆ ಪುಸ್ತಕ ದೊಡ್ಡ ಗ್ರಂಥಾಲಯದಲ್ಲಿ ಇಲ್ಲ. ಏಕಿಲ್ಲ ಎಂದು ಗ್ರಂಥಾಲಯದಲ್ಲೇ ಬೆಳೆದ ಹುಡುಗಿಗೆ ಮಾತ್ರ ಅನುಮಾನ ಬರಲು ಸಾಧ್ಯ. ವೆನಿನ್‌ಗಳು ಕಥೆಯಲ್ಲ, ನಿಜ. ಗಡಿಯಾಚೆ ಊರಿಗೆ ಊರೇ ನಾಶವಾಗುತ್ತಿವೆ. ಬೇಲಿಯೊಳಗೆ ಕ್ಷೇಮವಾಗಿರುವ ನವಾರಿನ ಆಳುವವರಿಗೆ ಇದೆಲ್ಲ ಗೊತ್ತು. ಗೊತ್ತಾಗಬಾರದೆಂದು ದಾಖಲೆಗಳನ್ನು ತಿದ್ದಿದ್ದಾರೆ, ಹಳೆಯ ಗ್ರಂಥಗಳನ್ನು ಇಲ್ಲವಾಗಿಸಿದ್ದಾರೆ. ಸವಾರರಲ್ಲಿ ಯಾರಿಗಾದರೂ ಇನ್ನೊಬ್ಬರ ಮನಸ್ಸು ಓದುವ ಸಿದ್ಧಿ ಬಂದರೆ ಅವರನ್ನು ಕೊಲ್ಲುವ ಕಾನೂನು ಏಕಿದೆಯೆಂದು ಆಗ ತಿಳಿಯುತ್ತದೆ.

ಸೇತುವೆಯ ಮೇಲೆ ವಯೊಲೆಟ್ ಒಪ್ಪಿಸಿದ ಆ ಪಾಠ ನೆನಪಿದೆಯೆ? ಅವಳ ಪ್ರಾಣ ಉಳಿಸಿದ ಆ ಇತಿಹಾಸದಲ್ಲೇ ಸುಳ್ಳು ಬೆರೆತಿತ್ತು. ಕಾದಂಬರಿಯ ನಿಜವಾದ ಏಟು ಬೀಳುವುದು ಇಲ್ಲಿ. ಸುಳ್ಳು ಪಾಠವೂ ಸೇತುವೆ ದಾಟಿಸೀತು. ದಾಟಿದ ಮೇಲೆ ಅದನ್ನೇ ಪರೀಕ್ಷಿಸುವ ಕೆಲಸ ಬರುತ್ತದೆ, ಅದು ಸೇತುವೆಗಿಂತ ಅಪಾಯದ್ದು. ಪುಸ್ತಕದ ಮೊದಲ ಪುಟದಲ್ಲೇ, ಈ ಕಥೆಯನ್ನು ನವಾರಿನ ಭಾಷೆಯಿಂದ ಲಿಪ್ಯಂತರಿಸಿದವಳು ಜೆಸಿನಿಯಾ ಎಂಬ ಲಿಪಿಕಾರಳು ಎಂಬ ಸೂಚನೆಯಿದೆ. ಈಕೆ ಕಿವಿ ಕೇಳದವಳು, ಸಂಜ್ಞಾಭಾಷೆಯಲ್ಲಿ ಮಾತಾಡುವವಳು. ಕಥೆ ಮುಂದುವರಿದಂತೆ ಇವಳ ಮಹತ್ವ ತಿಳಿದು, ಮೊದಲ ಪುಟಕ್ಕೆ ಮರಳಿ ನೋಡುವಂತಾಗುತ್ತದೆ.

ಹಿರಿಯರಿಗೆ ಒಂದಿಷ್ಟು

ಇನ್ನು ಆಗಲೇ ಹೇಳಿದ ‘ವಯಸ್ಕರಿಗಾಗಿ’ ಎಂಬ ಮಾತು. ಯುದ್ಧ, ರಕ್ತ, ಸಾವು, ವಿಷ, ಒರಟು ಭಾಷೆ, ಲೈಂಗಿಕ ದೃಶ್ಯಗಳು ಇವೆಯೆಂದು ಪುಸ್ತಕದ ಆರಂಭದಲ್ಲೇ ಎಚ್ಚರಿಕೆ ಅಚ್ಚಾಗಿದೆ. ಅದು ಔಪಚಾರಿಕ ಎಚ್ಚರಿಕೆಯಲ್ಲ. ಪುಸ್ತಕದ ಉತ್ತರಾರ್ಧದಲ್ಲಿ ವಯೊಲೆಟ್ ಮತ್ತು ಝೇಡನ್‌ರ ಶಯ್ಯಾದೃಶ್ಯಗಳು ಮರೆಮಾಚದೆ, ವಿವರವಾಗಿ ಬರುತ್ತವೆ. ಡ್ರ್ಯಾಗನ್ ಚಿತ್ರ ನೋಡಿ ‘ಹ್ಯಾರಿ ಪಾಟರ್‌ನಂಥದ್ದೇ ಇರಬೇಕು’ ಎಂದು ಎಂಟನೇ ತರಗತಿಯವರಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಡುವವರು ಇದನ್ನು ತಿಳಿದಿರಬೇಕು. ಹೈಸ್ಕೂಲಿನವರಿಗೆ ಇದು ತಕ್ಕದ್ದಲ್ಲ ಎಂದೇ ನನ್ನ ಅಭಿಪ್ರಾಯ. ಡ್ರ್ಯಾಗನ್ ಬೇಕೆನ್ನುವ ಆ ವಯಸ್ಸಿನವರಿಗೆ ಕ್ರಿಸ್ಟೊಫರ್ ಪಾವೊಲಿನಿಯ ‘ಎರಗಾನ್’ ಇದೆ. ಆತ ಅದನ್ನು ಬರೆಯಲು ಆರಂಭಿಸಿದಾಗ ಅವನಿಗೂ ಹದಿನೈದೇ ವರ್ಷ.

ಹಾಗೆಂದು ಕಸಿದುಕೊಂಡರೆ ಸರಿಹೋಗುತ್ತದೆಯೆ? ಅಮೆರಿಕದ ಯೂಟಾ ರಾಜ್ಯ 2024ರಲ್ಲಿ ಸರ್ಕಾರಿ ಶಾಲೆಗಳಿಂದ ತೆಗೆಯಬೇಕಾದ 13 ಪುಸ್ತಕಗಳ ಪಟ್ಟಿ ಹೊರಡಿಸಿತು. ಅದರಲ್ಲಿ ಆರು ಇದೇ ಬಗೆಯ ಕಥೆಗಳನ್ನು ಬರೆಯುವ ಸಾರಾ ಜೆ. ಮಾಸ್ ಅವರವು. ಆ ಪುಸ್ತಕಗಳ ಮಾರಾಟವೇನೂ ನಿಲ್ಲಲಿಲ್ಲ. ಕಾಲೇಜಿಗೆ ಹೋಗುವ ಮಕ್ಕಳು ಓದುತ್ತಿದ್ದರೆ ದೊಡ್ಡವರೂ ಓದಬೇಕು ಎಂಬುದು ನಾನು ಕಂಡುಕೊಂಡ ದಾರಿ. ಮುಜುಗರದ ಪುಟಗಳನ್ನು ಇಬ್ಬರೂ ಮೌನವಾಗಿ ದಾಟಿದ ಮೇಲೂ ಮಾತಾಡಲು ಬೇಕಾದಷ್ಟು ಉಳಿಯುತ್ತದೆ. ‘ಲಿಲಿತ್ ಮಾಡಿದ್ದು ಸರಿಯೆ?’ ಎಂದು ಮಗಳು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡನೆಯ ಭಾಗದ ಕೊನೆಯಲ್ಲಿ ಆ ತಾಯಿ ಮಾಡುವುದನ್ನು ಓದಿದ ಮೇಲಂತೂ ಇನ್ನೂ ಕಷ್ಟವಾಯಿತು.

ದೋಷಗಳೂ ಇವೆ. ಮಂತ್ರ, ಕೋಟೆ, ಕತ್ತಿಗಳ ಕಾಲದವರು ಇಂದಿನ ಅಮೆರಿಕದ ಕಾಲೇಜು ಹುಡುಗರಂತೆ ಬೈದಾಡುವುದು ಕಿವಿಗೆ ಕಟುವಾಗುತ್ತದೆ. ಝೇಡನ್‌ನ ಸೌಂದರ್ಯ ವರ್ಣನೆ ನಾಲ್ಕನೆಯ ಸಲಕ್ಕೇ ಸಾಕೆನಿಸುತ್ತದೆ. ಲೇಖಕಿ ನಲವತ್ತನೆಯ ಸಲವೂ ಬಿಡುವುದಿಲ್ಲ. ನೂರಾರು ಯುವಕರನ್ನು ತರಬೇತಿಯಲ್ಲೇ ಕೊಂದುಕೊಳ್ಳುವ ರಾಜ್ಯ ಶತಮಾನಗಳ ಕಾಲ ಯುದ್ಧ ಮಾಡಲು ಸೈನಿಕರನ್ನು ಎಲ್ಲಿಂದ ತರುತ್ತದೆ ಎಂಬ ಸರಳ ಪ್ರಶ್ನೆಗೆ ಉತ್ತರವಿಲ್ಲ. ಮೂರನೆಯ ಭಾಗದಲ್ಲಿ ದ್ವೀಪದಿಂದ ದ್ವೀಪಕ್ಕೆ ಅಲೆದಾಟ ಹೆಚ್ಚಾಗಿ ಕಥೆ ಜೋಲುತ್ತದೆ. ಆದರೆ ಯುದ್ಧದ ಮನೆಗಳ ಚಿತ್ರಣದಲ್ಲಿ ಲೇಖಕಿ ಎಡವುವುದಿಲ್ಲ. ಯಾರೋಸ್ ಸೈನಿಕ ದಂಪತಿಯ ಮಗಳು; ಅವರ ಪತಿ ಅಮೆರಿಕದ ಸೇನೆಯಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿದ್ದವರು. ಬಾಗಿಲು ತಟ್ಟಿದ ಸದ್ದಿಗೆ ಬೆಚ್ಚಿ ಬೀಳುವ ಮನೆ ಹೇಗಿರುತ್ತದೆಂದು ಅವರಿಗೆ ಗೊತ್ತು. ಸತ್ತವರ ವಸ್ತುಗಳನ್ನೆಲ್ಲ ಮೃತ್ಯುದೇವತೆಗೆಂದು ಸುಟ್ಟುಬಿಡಬೇಕೆಂಬ ನವಾರಿನ ಪದ್ಧತಿಯನ್ನು ಮುರಿದು, ಅಣ್ಣನ ಟಿಪ್ಪಣಿ ಪುಸ್ತಕವನ್ನು ಉಳಿಸಿ ತಂಗಿಗೆ ಕೊಡುವ ಮಿರಾಳ ಪಾತ್ರ ಹುಟ್ಟಿದ್ದು ಅಂಥ ಅನುಭವದಿಂದಲೇ ಇರಬೇಕು.

ಇದನ್ನು ಕಿರುತೆರೆಗೆ ತರುವ ಹಕ್ಕನ್ನು ಅಮೆಜಾನ್ ಸಂಸ್ಥೆ ಪಡೆದಿರುವ ಸುದ್ದಿ 2023ರಲ್ಲೇ ಬಂತು. ಮೂರನೆಯ ಭಾಗ ಮುಗಿಯುವುದು ಓದುಗರನ್ನು ಬಂಡೆಯ ಅಂಚಿನಲ್ಲಿ ನಿಲ್ಲಿಸಿ. ನಾಲ್ಕನೆಯದು ಕೈಗೆ ಸಿಕ್ಕಾಗ ಮೊದಲು ಓದುವವರು ಯಾರೆಂಬ ಜಗಳ ನಮ್ಮ ಮನೆಯಲ್ಲಿ ಈಗಾಗಲೇ ಶುರುವಾಗಿದೆ. ಪುಸ್ತಕಕ್ಕೆ ಹಣ ಕೊಡುವವನು ನಾನು ಎಂಬ ವಾದವನ್ನು ಮಗಳು ಒಪ್ಪುತ್ತಿಲ್ಲ.